ತಪ್ಪಿದ ಅಕ್ಷರವನ್ನು ಮುಟ್ಟದೆ ರೋಗ ನೀಗಿಸಿದ ಬಗೆ

2023ರ ನವೆಂಬರ್ 16ರಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ ಒಂದು ಹೊಸ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಅದರ ಹೆಸರು ಕ್ಯಾಸ್‌ಜೆವಿ. ಮೂರು ವಾರ ಕಳೆದು, ಡಿಸೆಂಬರ್ 8ರಂದು, ಅಮೆರಿಕವೂ ಒಪ್ಪಿತು. ಕ್ರಿಸ್ಪರ್ ಎಂಬ ಜೀನ್ ಕತ್ತರಿ ಬಳಸಿದ ಚಿಕಿತ್ಸೆಯೊಂದು ಪ್ರಯೋಗದ ಹಂತ ದಾಟಿ ಆಸ್ಪತ್ರೆಗೆ ಬಂದದ್ದು ಅದೇ ಮೊದಲು. ಕುಡುಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್ ಕಾಯಿಲೆ ಇರುವವರಿಗಾಗಿ ಅದನ್ನು ರೂಪಿಸಿದ್ದರು.

ಸುದ್ದಿ ಓದಿದಾಗ ನನ್ನ ಮನಸ್ಸಿಗೆ ಬಂದ ಚಿತ್ರ ಸರಳವಾಗಿತ್ತು. ಡಿಎನ್‌ಎಯಲ್ಲಿ ಒಂದು ಅಕ್ಷರ ತಪ್ಪಾಗಿತ್ತು, ವಿಜ್ಞಾನಿಗಳು ಹೋಗಿ ತಿದ್ದಿದರು, ರೋಗ ವಾಸಿಯಾಯಿತು. ಬಹಳ ಜನ ಹಾಗೇ ಅಂದುಕೊಂಡಿರುತ್ತಾರೆ. ಆದರೆ ಈ ಚಿಕಿತ್ಸೆ ಆ ತಪ್ಪಿದ ಅಕ್ಷರವನ್ನು ಮುಟ್ಟುವುದೇ ಇಲ್ಲ. ರೋಗಿ ಗುಣಮುಖರಾಗಿ ಮನೆಗೆ ಹೋದ ಮೇಲೂ ಆ ಅಕ್ಷರ ಇದ್ದಲ್ಲೇ ಇರುತ್ತದೆ. ತಪ್ಪು ಇರುವುದು 11ನೇ ಕ್ರೋಮೋಸೋಮಿನಲ್ಲಿ, ಅಂದರೆ ಡಿಎನ್‌ಎಯ 11ನೇ ಕಟ್ಟಿನಲ್ಲಿ. ಕತ್ತರಿ ಬೀಳುವುದು 2ನೇ ಕ್ರೋಮೋಸೋಮಿನಲ್ಲಿ.

ಯಾಕೆ ಹೀಗೆ? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಜೀನ್ ಅಂದರೇನು, ಅದು ತಲೆಮಾರಿನಿಂದ ತಲೆಮಾರಿಗೆ ಹೇಗೆ ಹರಿಯುತ್ತದೆ, ವಿಕಾಸ ಅಂದರೇನು, ಕ್ರಿಸ್ಪರ್ ನಿಜವಾಗಿ ಏನು ಮಾಡುತ್ತದೆ, ಎಲ್ಲವೂ ಒಂದೇ ದಾರಿಯಲ್ಲಿ ಸಿಗುತ್ತವೆ. ಜೀವಶಾಸ್ತ್ರದ ಮೊದಲ ಪಾಠಗಳನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹಾಲು ಹಾಳಾದಾಗ

ನಮ್ಮ ಕೆಂಪು ರಕ್ತಕಣಗಳ ತುಂಬ ಹಿಮೋಗ್ಲೋಬಿನ್ ಎಂಬ ಪ್ರೋಟೀನ್ ಇರುತ್ತದೆ. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದು, ಮೈಯ ಮೂಲೆಮೂಲೆಗೆ ಒಯ್ದು ಬಿಡುವುದು ಅದರ ಕೆಲಸ. ವಯಸ್ಕರ ಒಂದು ಹಿಮೋಗ್ಲೋಬಿನ್ ಅಣುವಿನಲ್ಲಿ ನಾಲ್ಕು ಸರಪಳಿಗಳು. ಎರಡು ಆಲ್ಫಾ, ಎರಡು ಬೀಟಾ. ಬೀಟಾ ಸರಪಳಿ 146 ಅಮೈನೋ ಆಮ್ಲಗಳ, ಅಂದರೆ ಪ್ರೋಟೀನಿನ ಮಣಿಗಳ, ಸಾಲು.

ಈ ಸಾಲು ಹೇಗಿರಬೇಕು ಅನ್ನುವ ಬರಹವೇ ಜೀನ್. ಡಿಎನ್‌ಎ ಬರಹದಲ್ಲಿ ಇರುವುದು ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಮೂರು ಮೂರು ಅಕ್ಷರ ಸೇರಿ ಒಂದು ಪದ. ಒಂದು ಪದಕ್ಕೆ ಒಂದು ಅಮೈನೋ ಆಮ್ಲ. ಬೀಟಾ ಸರಪಳಿಯ ಆರನೇ ಸ್ಥಾನದಲ್ಲಿ ಸಾಮಾನ್ಯವಾಗಿ 'ಜಿಎಜಿ' ಎಂದಿರುತ್ತದೆ. ಕೋಶ ಅದನ್ನು ಗ್ಲುಟಾಮಿಕ್ ಆಮ್ಲ ಎಂದು ಓದುತ್ತದೆ. ಕುಡುಗೋಲು ಕಣ ರೋಗದಲ್ಲಿ ಅದೇ ಜಾಗದಲ್ಲಿ 'ಜಿಟಿಜಿ' ಇರುತ್ತದೆ. ಕೋಶ ಅದನ್ನು ವ್ಯಾಲಿನ್ ಎಂದು ಓದುತ್ತದೆ. ವ್ಯತ್ಯಾಸ ಇಷ್ಟೇ. ಸುಮಾರು 300 ಕೋಟಿ ಅಕ್ಷರಗಳ ಬರಹದಲ್ಲಿ ಒಂದು ಅಕ್ಷರ. 'ಹಾಲು' ಎಂದು ಬರೆಯುವಲ್ಲಿ ಲ ಹೋಗಿ ಳ ಬಂದರೆ 'ಹಾಳು' ಆಗುತ್ತದಲ್ವಾ? ಹಾಗೆ.

ಗ್ಲುಟಾಮಿಕ್ ಆಮ್ಲ ನೀರಿಗೆ ಹೊಂದಿಕೊಳ್ಳುತ್ತದೆ. ವ್ಯಾಲಿನ್ ಎಣ್ಣೆಯ ಜಾತಿಯದು, ನೀರಿನಿಂದ ದೂರ ಸರಿಯುತ್ತದೆ. ಹಿಮೋಗ್ಲೋಬಿನ್ ಆಮ್ಲಜನಕ ಬಿಟ್ಟುಕೊಟ್ಟ ಕೂಡಲೇ ಈ ವ್ಯಾಲಿನ್ ಪಕ್ಕದ ಅಣುವಿನ ಮೇಲಿರುವ ಒಂದು ತಗ್ಗಿನಲ್ಲಿ ಹೋಗಿ ಕೂರುತ್ತದೆ. ಆ ಅಣು ಇನ್ನೊಂದಕ್ಕೆ, ಅದು ಮತ್ತೊಂದಕ್ಕೆ ಅಂಟುತ್ತದೆ. ಕಣದೊಳಗೆ ಉದ್ದನೆಯ ನಾರುಗಳು ಬೆಳೆದು, ದುಂಡಗಿದ್ದ ಮೆತ್ತನೆಯ ಕಣ ಕುಡುಗೋಲಿನಂತೆ ಬಾಗಿ ಬಿರುಸಾಗುತ್ತದೆ. ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿ ಹಾಕಿಕೊಳ್ಳುತ್ತದೆ. ಅಲ್ಲಿಂದ ಮುಂದಕ್ಕೆ ರಕ್ತ ಹೋಗುವುದಿಲ್ಲ. ಆಗ ಬರುವ ನೋವು ಬಹಳ ಭೀಕರ. ಎಲುಬು, ಎದೆ, ಹೊಟ್ಟೆ, ಎಲ್ಲಿ ಬೇಕಾದರೂ ಬರಬಹುದು. ಮೂತ್ರಪಿಂಡ, ಗುಲ್ಮ (ಸ್ಪ್ಲೀನ್), ಮಿದುಳು ನಿಧಾನಕ್ಕೆ ಹಾಳಾಗುತ್ತವೆ. ಆರೋಗ್ಯವಂತ ಕೆಂಪುಕಣ ಸುಮಾರು 120 ದಿನ ಬದುಕಿದರೆ, ಈ ಕಣಗಳು 10ರಿಂದ 20 ದಿನಕ್ಕೆ ಒಡೆಯುತ್ತವೆ. ಹಾಗಾಗಿ ರಕ್ತಹೀನತೆ ಸದಾ ಇದ್ದೇ ಇರುತ್ತದೆ.

ಈ ರೋಗದ ಬೆನ್ನು ಹತ್ತಿಯೇ ವಿಜ್ಞಾನ ಹಲವು ಹೆಜ್ಜೆಗಳನ್ನು ಮೊದಲ ಬಾರಿ ಇಟ್ಟಿದೆ. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ರೋಗಿಗಳ ಹಿಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆಯೇ ವೇಗದಲ್ಲಿ ಚಲಿಸುತ್ತದೆ ಎಂದು ತೋರಿಸಿ, ಇದನ್ನು 'ಅಣುವಿನ ಕಾಯಿಲೆ' ಎಂದು ಕರೆದರು. ಒಂದು ರೋಗಕ್ಕೆ ಒಂದು ಅಣುವಿನ ದೋಷವೇ ಕಾರಣ ಎಂದು ಸ್ಪಷ್ಟವಾಗಿ ಹೇಳಿದ್ದು ಅದೇ ಮೊದಲು. ಕೆಲವೇ ವರ್ಷಗಳಲ್ಲಿ ವರ್ನನ್ ಇಂಗ್ರಾಂ ಬದಲಾದ ಆ ಒಂದು ಅಮೈನೋ ಆಮ್ಲವನ್ನು ಹುಡುಕಿ ತೆಗೆದರು. ಡಿಎನ್‌ಎ ತುಣುಕನ್ನು ಬಹುಪಟ್ಟು ನಕಲು ಮಾಡುವ, ಇವತ್ತು ಎಲ್ಲರಿಗೂ ಗೊತ್ತಿರುವ ಪಿಸಿಆರ್ ತಂತ್ರ 1985ರಲ್ಲಿ ಮೊದಲ ಸಲ ಪ್ರಬಂಧವಾಗಿ ಹೊರಬಂದಾಗ ಅದನ್ನು ಬಳಸಿದ್ದು ಈ ಅಕ್ಷರವನ್ನು ಪತ್ತೆ ಹಚ್ಚಲಿಕ್ಕೇ.

ಎರಡು ಪ್ರತಿ, ಒಂದು ಪ್ರತಿ

ಹೆಚ್ಚುಕಡಿಮೆ ಪ್ರತಿ ಜೀನಿನ ಎರಡು ಪ್ರತಿಗಳು ನಮ್ಮಲ್ಲಿವೆ. ಒಂದು ಅಮ್ಮನಿಂದ, ಒಂದು ಅಪ್ಪನಿಂದ. ಎರಡೂ ಪ್ರತಿಯಲ್ಲಿ ಕುಡುಗೋಲು ಅಕ್ಷರ ಇದ್ದರೆ ಈ ರೋಗ ಬರುತ್ತದೆ. ಒಂದರಲ್ಲಿ ಮಾತ್ರ ಇದ್ದರೆ ಆ ವ್ಯಕ್ತಿ ವಾಹಕ. ವಾಹಕರು ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ. ಅವರ ಕಣಗಳಲ್ಲಿ ಒಳ್ಳೆಯ ಹಿಮೋಗ್ಲೋಬಿನ್ ಜಾಸ್ತಿ ಇರುವುದರಿಂದ ನಾರು ಬೆಳೆಯಲು ತಡವಾಗುತ್ತದೆ. ಅಷ್ಟರಲ್ಲಿ ಕಣ ಶ್ವಾಸಕೋಶಕ್ಕೆ ಮರಳಿ, ಆಮ್ಲಜನಕ ತುಂಬಿಕೊಂಡು ಪಾರಾಗುತ್ತದೆ.

ತಂದೆ ತಾಯಿ ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ವಾಹಕವಾಗುವ ಸಂಭವ ನಾಲ್ಕರಲ್ಲಿ ಎರಡು. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ನೋವು ತರುತ್ತದೆ. ಮೊದಲ ಮಗುವಿಗೆ ರೋಗ ಬಂತು, ಇನ್ನು ಮುಂದಿನ ಮೂರು ಮಕ್ಕಳಿಗೆ ಭಯವಿಲ್ಲ ಎಂದು ಕೆಲವರು ಅಂದುಕೊಳ್ಳುತ್ತಾರೆ. ಹಾಗಿಲ್ಲ. ಪ್ರತಿ ಸಲವೂ ನಾಣ್ಯ ಹೊಸದಾಗಿ ಚಿಮ್ಮುತ್ತದೆ. ಹಿಂದಿನ ಸಲ ಏನು ಬಿತ್ತು ಎಂಬ ನೆನಪು ಅದಕ್ಕಿಲ್ಲ.

ಪಠ್ಯಪುಸ್ತಕದಲ್ಲಿ ಪ್ರಬಲ ಗುಣ, ದುರ್ಬಲ ಗುಣ ಎಂದು ಓದಿರುತ್ತೇವೆ. 1866ರಲ್ಲಿ ಪ್ರಕಟವಾದ ಮೆಂಡೆಲ್ ಅವರ ಬಟಾಣಿ ಪ್ರಯೋಗಗಳಿಂದ ಬಂದ ಮಾತದು. ಅದನ್ನು ಕಲಿತ ಮೇಲೆ ಪ್ರಬಲತೆ ಜೀನಿನ ಹುಟ್ಟುಗುಣ ಎಂದು ನಂಬಿಬಿಡುವುದು ಸುಲಭ. ಕುಡುಗೋಲು ಅಕ್ಷರವನ್ನು ನೋಡಿ. ರೋಗವನ್ನು ಲೆಕ್ಕಕ್ಕೆ ಹಿಡಿದರೆ ಅದು ದುರ್ಬಲ, ಯಾಕೆಂದರೆ ಎರಡು ಪ್ರತಿ ಬೇಕು. ವಾಹಕರ ರಕ್ತದಲ್ಲಿ ಎರಡೂ ಬಗೆಯ ಹಿಮೋಗ್ಲೋಬಿನ್ ಕಾಣುವುದರಿಂದ, ಪ್ರೋಟೀನನ್ನು ಲೆಕ್ಕಕ್ಕೆ ಹಿಡಿದರೆ ಎರಡು ಪ್ರತಿಗಳೂ ಸರಿಸಮ. ಇನ್ನು ಮಲೇರಿಯಾದಿಂದ ಸಿಗುವ ರಕ್ಷಣೆಯ ಲೆಕ್ಕ ಹಿಡಿದರೆ ಇದೇ ಅಕ್ಷರ ಪ್ರಬಲ. ಒಂದೇ ಪ್ರತಿ ಸಾಕು. ನಾವು ಏನನ್ನು ಅಳೆಯುತ್ತಿದ್ದೇವೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಸೊಳ್ಳೆ ಇರುವಲ್ಲಿ ಗುರಾಣಿ

ಎರಡು ಪ್ರತಿ ಬಂದ ಮಕ್ಕಳು ಚಿಕಿತ್ಸೆಯಿಲ್ಲದೆ ಹೆಚ್ಚಾಗಿ ಎಳೆಯ ವಯಸ್ಸಿನಲ್ಲೇ ತೀರಿಕೊಳ್ಳುತ್ತಿದ್ದರು. ಹಾಗಿದ್ದರೆ ಇಂಥ ಅಕ್ಷರ ಯಾವತ್ತೋ ಅಳಿಸಿ ಹೋಗಬೇಕಿತ್ತಲ್ವಾ? ಅಳಿಯಲಿಲ್ಲ. ಆಫ್ರಿಕಾ, ಅರೇಬಿಯಾ, ಭಾರತ, ಮೆಡಿಟರೇನಿಯನ್ ತೀರದ ಹಲವು ಭಾಗಗಳಲ್ಲಿ ಇಂದಿಗೂ ಇದು ಸಾಮಾನ್ಯ.

1949ರ ಹೊತ್ತಿಗೆ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಅವರು ಥಲಸ್ಸೀಮಿಯಾ ಎಂಬ ಇನ್ನೊಂದು ರಕ್ತರೋಗದ ಬಗ್ಗೆ ಒಂದು ಊಹೆ ಮುಂದಿಟ್ಟಿದ್ದರು. ಅದರ ವಾಹಕರಿಗೆ ಮಲೇರಿಯಾದಿಂದ ರಕ್ಷಣೆ ಇರಬಹುದು ಎಂದು. ಕೀನ್ಯಾದಲ್ಲಿ ಬೆಳೆದ ಆಂಟನಿ ಆಲಿಸನ್ ಎಂಬ ವೈದ್ಯ ಪೂರ್ವ ಆಫ್ರಿಕಾದಲ್ಲಿ ರಕ್ತದ ಮಾದರಿಗಳನ್ನು ಸಂಗ್ರಹಿಸುತ್ತಿದ್ದಾಗ ಒಂದು ವಿಚಿತ್ರ ಕಂಡರು. ಕರಾವಳಿಯಲ್ಲಿ, ವಿಕ್ಟೋರಿಯಾ ಸರೋವರದ ದಂಡೆಯಲ್ಲಿ ಕುಡುಗೋಲು ವಾಹಕರು ಬಹಳ. ಎತ್ತರದ ತಂಪು ಪ್ರದೇಶದಲ್ಲಿ ಬಹಳ ಕಡಿಮೆ. ಮಲೇರಿಯಾ ಹರಡಿದ್ದೂ ಇದೇ ರೀತಿ. 1954ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆಮೇಲಿನ ಅಧ್ಯಯನಗಳು ಅವರ ಮಾತನ್ನು ಗಟ್ಟಿ ಮಾಡಿವೆ. ಒಂದು ಪ್ರತಿ ಇರುವ ಮಕ್ಕಳಿಗೆ ತೀವ್ರ ಮಲೇರಿಯಾ ಬರುವ ಸಂಭವ ಉಳಿದವರಿಗಿಂತ ಸುಮಾರು ಶೇಕಡಾ 90ರಷ್ಟು ಕಡಿಮೆ. ಮಲೇರಿಯಾ ತರುವ ಪರೋಪಜೀವಿ ಹೊಕ್ಕ ಕಣ ಬೇಗ ಕುಡುಗೋಲಾಗುತ್ತದೆ, ಗುಲ್ಮ ಅದನ್ನು ಹಿಡಿದು ತೆಗೆದು ಹಾಕುತ್ತದೆ. ಆಮ್ಲಜನಕ ಕಡಿಮೆಯಿರುವ ಕಡೆ ಆ ಪರೋಪಜೀವಿ ಇಂಥ ಕಣದೊಳಗೆ ಸರಿಯಾಗಿ ಬೆಳೆಯುವುದೂ ಇಲ್ಲ.

ಸ್ವಲ್ಪ ಲೆಕ್ಕ ಹಾಕೋಣ. ಒಂದು ಊರಿನ ಎಲ್ಲ ಬೀಟಾ ಜೀನ್ ಪ್ರತಿಗಳಲ್ಲಿ ಹತ್ತಕ್ಕೊಂದು ಕುಡುಗೋಲು ಪ್ರತಿ ಇದೆ ಎಂದುಕೊಳ್ಳಿ. ಹುಟ್ಟುವ ಪ್ರತಿ 100 ಮಕ್ಕಳಲ್ಲಿ ಒಬ್ಬರಿಗೆ ಎರಡೂ ಪ್ರತಿ ಬರುತ್ತದೆ. 18 ಮಕ್ಕಳು ವಾಹಕರು. ಉಳಿದ 81 ಮಕ್ಕಳಲ್ಲಿ ಈ ಅಕ್ಷರವೇ ಇಲ್ಲ. ಮಲೇರಿಯಾ ಮಕ್ಕಳನ್ನು ಕೊಲ್ಲುತ್ತಿರುವ ಊರಿನಲ್ಲಿ ಒಂದು ಮಗು ರೋಗಕ್ಕೆ ಬಲಿಯಾದರೆ, 18 ಮಕ್ಕಳಿಗೆ ಗುರಾಣಿ ಸಿಕ್ಕಿದೆ. ಆ ಗುರಾಣಿ ಇಲ್ಲದ 81ರಲ್ಲಿ ಹಲವರನ್ನು ಮಲೇರಿಯಾ ಒಯ್ಯುತ್ತದೆ. ಅಕ್ಷರ ಉಳಿಯುತ್ತದೆ. ಇದರಲ್ಲಿ ಯಾರ ಯೋಜನೆಯೂ ಇಲ್ಲ, ಕರುಣೆಯೂ ಇಲ್ಲ. ನೈಸರ್ಗಿಕ ಆಯ್ಕೆ ಎಂದರೆ ಇದೇ: ಯಾರು ಬದುಕಿ ಮಕ್ಕಳನ್ನು ಹೆತ್ತರು ಎಂಬ ಲೆಕ್ಕ, ತಲೆಮಾರು ತಲೆಮಾರು.

'ಮಲೇರಿಯಾ ಬಂತು, ಅದನ್ನು ಎದುರಿಸಲು ದೇಹ ಜೀನನ್ನು ಬದಲಿಸಿಕೊಂಡಿತು' ಎಂದು ಬಹಳ ಕಡೆ ಬರೆದಿರುತ್ತಾರೆ. ಈ ಮಾತು ವಿಕಾಸವನ್ನು ತಲೆಕೆಳಗು ಮಾಡುತ್ತದೆ. ಡಿಎನ್‌ಎ ಪ್ರತಿ ಮಾಡುವಾಗ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತಲೇ ಇರುತ್ತದೆ. ಪ್ರತಿ ಮಗುವೂ ತಂದೆ ತಾಯಿಯಲ್ಲಿ ಇಲ್ಲದ ಹತ್ತಾರು ಹೊಸ ಬದಲಾವಣೆಗಳನ್ನು ಹೊತ್ತೇ ಹುಟ್ಟುತ್ತದೆ. ಬೇಕು ಎಂದು ಯಾವುದೂ ಬರುವುದಿಲ್ಲ. ಬಂದದ್ದರಲ್ಲಿ ಆ ಕಾಲಕ್ಕೆ, ಆ ಜಾಗಕ್ಕೆ ನೆರವಾದದ್ದು ಹೆಚ್ಚುತ್ತದೆ. 2018ರ ಒಂದು ಜೀನೋಮ್ (ಇಡೀ ಡಿಎನ್‌ಎ ಬರಹ) ಅಧ್ಯಯನದ ಅಂದಾಜಿನಂತೆ ಇವತ್ತಿನ ಕುಡುಗೋಲು ಪ್ರತಿಗಳೆಲ್ಲ ಸುಮಾರು 7,300 ವರ್ಷಗಳ ಹಿಂದೆ ಒಬ್ಬರಲ್ಲಿ ಹುಟ್ಟಿದ ಒಂದೇ ಬದಲಾವಣೆಯಿಂದ ಬಂದವು. ಅದಕ್ಕೂ ಮೊದಲು, ಇದು ಬೇರೆ ಬೇರೆ ಕಡೆ ಹಲವು ಸಲ ಹುಟ್ಟಿತು ಎಂಬ ಅಭಿಪ್ರಾಯವೇ ಬಲವಾಗಿತ್ತು.

ಇನ್ನೊಂದು ಸಂಗತಿ ನನ್ನನ್ನು ಬೆರಗುಗೊಳಿಸುತ್ತದೆ. ಅದೇ ಆರನೇ ಪದದಲ್ಲಿ ಬೇರೊಂದು ಅಕ್ಷರ ಬದಲಾಗಿ 'ಎಎಜಿ' ಆದರೆ ಹಿಮೋಗ್ಲೋಬಿನ್ ಸಿ ಎಂಬುದು ಸಿಗುತ್ತದೆ. ಪಶ್ಚಿಮ ಆಫ್ರಿಕಾದಲ್ಲಿ ಅದು ಹರಡಿದೆ. ಅದೂ ಮಲೇರಿಯಾದಿಂದ ರಕ್ಷಿಸುತ್ತದೆ, ಆದರೆ ಅದರ ಎರಡು ಪ್ರತಿ ಇದ್ದವರಿಗೂ ತೊಂದರೆ ಬಹಳ ಕಡಿಮೆ. ಪರೋಪಜೀವಿಯೂ ಸುಮ್ನೆ ಕೂತಿಲ್ಲ. ಗ್ಯಾಂಬಿಯಾ ಮತ್ತು ಕೀನ್ಯಾದ ಮಕ್ಕಳ ಮೇಲಿನ ಅಧ್ಯಯನವೊಂದು, ಕುಡುಗೋಲು ಹಿಮೋಗ್ಲೋಬಿನ್ ಇದ್ದವರಲ್ಲೂ ಸೋಂಕು ತರಬಲ್ಲ ಮಲೇರಿಯಾ ತಳಿಗಳು ಈಗಾಗಲೇ ಇವೆ ಎಂದು ತೋರಿಸಿದೆ. ವಿಕಾಸ ಮುಗಿದ ಕತೆಯಲ್ಲ. ಎರಡೂ ಕಡೆ ಇನ್ನೂ ನಡೆಯುತ್ತಿದೆ.

ಆರು ತಿಂಗಳ ಮಕ್ಕಳು ಕೊಟ್ಟ ಸುಳಿವು

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಕತ್ತರಿ ಬೇರೆ ಕಡೆ ಯಾಕೆ ಬೀಳುತ್ತದೆ?

ಈ ರೋಗ ಇರುವ ಮಕ್ಕಳು ಹುಟ್ಟುವಾಗ ಚೆನ್ನಾಗಿಯೇ ಇರುತ್ತಾರೆ. ಕೆಲವು ತಿಂಗಳು ಕಳೆದ ಮೇಲೆ ಲಕ್ಷಣಗಳು ಶುರುವಾಗುತ್ತವೆ. 1948ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್ ಇದನ್ನು ಗಮನಿಸಿ, ಹುಟ್ಟಿದ ಮಗುವಿನಲ್ಲಿರುವ ಬೇರೆ ಬಗೆಯ ಹಿಮೋಗ್ಲೋಬಿನ್ ಅದನ್ನು ಕಾಯುತ್ತಿರಬೇಕು ಎಂದರು. ಅವರ ಮಾತು ನಿಜವಾಗಿತ್ತು. ಗರ್ಭದಲ್ಲಿರುವಾಗ ಬೀಟಾ ಸರಪಳಿಯ ಬದಲು ಗಾಮಾ ಎಂಬ ಸರಪಳಿ ಕೆಲಸ ಮಾಡುತ್ತದೆ. ಅದಕ್ಕೆ ಭ್ರೂಣ ಹಿಮೋಗ್ಲೋಬಿನ್ ಎನ್ನುತ್ತಾರೆ. ಅದರಲ್ಲಿ ತಪ್ಪಿದ ಅಕ್ಷರ ಇಲ್ಲ, ಯಾಕೆಂದರೆ ಗಾಮಾ ಬೇರೆಯೇ ಜೀನು. ಮೇಲಾಗಿ ಅದು ನಾರು ಬೆಳೆಯದಂತೆ ನಡುವೆ ಅಡ್ಡ ನಿಲ್ಲುತ್ತದೆ. ಹುಟ್ಟಿದ ಮೇಲೆ ಸುಮಾರು ಆರು ತಿಂಗಳಿಗೆ ಗಾಮಾ ಜೀನ್ ಹೆಚ್ಚು ಕಡಿಮೆ ಆರಿಹೋಗಿ, ಬೀಟಾ ಅದರ ಜಾಗಕ್ಕೆ ಬರುತ್ತದೆ.

ಜೀನ್ ಇದೆ, ಆದರೆ ಆರಿದೆ. ಜೀನ್ ಇರುವುದೂ ಅದು ಕೆಲಸ ಮಾಡುವುದೂ ಬೇರೆ ಬೇರೆ ಎಂಬುದು ಇಲ್ಲಿ ಚೆನ್ನಾಗಿ ತಿಳಿಯುತ್ತದೆ. ನಮ್ಮ ಬಹುತೇಕ ಎಲ್ಲ ಕೋಶಗಳಲ್ಲೂ ಸುಮಾರು 20,000 ಪ್ರೋಟೀನ್ ಜೀನುಗಳ ಅದೇ ಬರಹ ಇದ್ದರೂ ಕಣ್ಣಿನ ಕೋಶ ಕಣ್ಣಾಗಿ, ಯಕೃತ್ತಿನ ಕೋಶ ಯಕೃತ್ತಾಗಿ ಇರುವುದು ಯಾವುದು ಉರಿಯುತ್ತಿದೆ, ಯಾವುದು ಆರಿದೆ ಎಂಬ ವ್ಯತ್ಯಾಸದಿಂದ.

ಗಾಮಾ ಜೀನನ್ನು ನಂದಿಸುವವರು ಯಾರು? ಉತ್ತರ ಸಿಕ್ಕಿದ್ದು ಆರೋಗ್ಯವಂತ ಜನರಿಂದ. ಕೆಲವರಿಗೆ ದೊಡ್ಡವರಾದ ಮೇಲೂ ಭ್ರೂಣ ಹಿಮೋಗ್ಲೋಬಿನ್ ತುಸು ಜಾಸ್ತಿಯೇ ಇರುತ್ತದೆ. ಅಂಥವರಿಗೆ ಕುಡುಗೋಲು ರೋಗ ಬಂದರೂ ಹಗುರಾಗಿ ಬರುತ್ತದೆ. ಅರೇಬಿಯಾ ಮತ್ತು ಭಾರತದ ಹಲವು ರೋಗಿಗಳಲ್ಲಿ ಇದು ಕಂಡುಬಂದಿದೆ. 2007 ಮತ್ತು 2008ರಲ್ಲಿ ಸಂಶೋಧಕರು ಇಂಥವರ ಜೀನೋಮ್‌ಗಳನ್ನು ಉಳಿದವರ ಜತೆ ಹೋಲಿಸಿದಾಗ ಬೆರಳು ಬಿಸಿಎಲ್11ಎ ಎಂಬ ಜೀನಿನ ಕಡೆ ತೋರಿತು. ಅದು ತಯಾರಿಸುವ ಪ್ರೋಟೀನೇ ಗಾಮಾವನ್ನು ನಂದಿಸುತ್ತದೆ ಎಂದು ಸ್ಟುವರ್ಟ್ ಆರ್ಕಿನ್ ಅವರ ತಂಡದಲ್ಲಿದ್ದ ವಿಜಯ್ ಶಂಕರನ್ ಮತ್ತಿತರರು ತೋರಿಸಿಕೊಟ್ಟರು.

ಹಾಗಾದರೆ ಬಿಸಿಎಲ್11ಎ ಜೀನನ್ನೇ ಹಾಳು ಮಾಡಿದರೆ ಆಯಿತಲ್ಲ? ಆಗದು. ರೋಗನಿರೋಧಕ ಕೋಶಗಳಿಗೆ, ಮಿದುಳಿನ ಬೆಳವಣಿಗೆಗೆ ಅದು ಬೇಕೇ ಬೇಕು. ಆದರೆ ಆ ಜೀನಿನ ಒಳಗೇ ಒಂದು ಪುಟ್ಟ ತುಣುಕಿದೆ. ಕೆಂಪುಕಣ ತಯಾರಾಗುವಾಗ ಮಾತ್ರ ಆ ಜೀನನ್ನು ಉರಿಸುವ ಸ್ವಿಚ್ ಅದು. ಆ ಸ್ವಿಚ್ಚನ್ನು ಮಾತ್ರ ಕೆಡಿಸಿದರೆ ಉಳಿದ ಕಡೆ ಜೀನ್ ಎಂದಿನಂತೆ ಕೆಲಸ ಮಾಡುತ್ತದೆ. ರಕ್ತದಲ್ಲಿ ಮಾತ್ರ ಗಾಮಾ ಮತ್ತೆ ಉರಿಯುತ್ತದೆ. ಕ್ಯಾಸ್‌ಜೆವಿಯ ಕತ್ತರಿ ಬೀಳುವುದು ಅಲ್ಲಿ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ

ಕ್ರಿಸ್ಪರ್ ಮನುಷ್ಯರು ಕಂಡುಹಿಡಿದದ್ದು, ಆದರೆ ಮನುಷ್ಯರು ಮಾಡಿದ್ದಲ್ಲ. ಬ್ಯಾಕ್ಟೀರಿಯಾಗಳಿಗೂ ವೈರಸ್‌ಗಳ ಕಾಟ ಇದೆ. ಒಮ್ಮೆ ದಾಳಿ ಮಾಡಿದ ವೈರಸ್ಸಿನ ಡಿಎನ್‌ಎ ತುಣುಕನ್ನು ಅವು ತಮ್ಮ ಜೀನೋಮಿನಲ್ಲಿ ಕೂಡಿಟ್ಟುಕೊಳ್ಳುತ್ತವೆ. ಅದೇ ವೈರಸ್ ಮತ್ತೆ ಬಂದರೆ ಆ ತುಣುಕಿನ ಗುರುತಿನಿಂದ ಹಿಡಿದು ಕತ್ತರಿಸುತ್ತವೆ. ಕೋಟಿಗಟ್ಟಲೆ ವರ್ಷಗಳ ವಿಕಾಸದಲ್ಲಿ ಹರಿತವಾದ ಆಯುಧ ಅದು. 2012ರಲ್ಲಿ ಜೆನಿಫರ್ ಡೌಡ್ನಾ ಮತ್ತು ಎಮ್ಯಾನುಯೆಲ್ ಶಾರ್ಪಾಂಟ್ಯೆ ಅವರ ತಂಡಗಳು ಈ ಕತ್ತರಿಗೆ ನಮಗೆ ಬೇಕಾದ ವಿಳಾಸ ಕೊಟ್ಟು ಕಳಿಸಬಹುದು ಎಂದು ತೋರಿಸಿದವು. 2020ರಲ್ಲಿ ಇಬ್ಬರಿಗೂ ರಸಾಯನಶಾಸ್ತ್ರದ ನೊಬೆಲ್ ಬಂತು. ವಿಳಾಸ ಅಂದರೆ ಡಿಎನ್‌ಎಯನ್ನು ಹೋಲುವ, ಸುಮಾರು 20 ಅಕ್ಷರಗಳ ಒಂದು ಆರ್‌ಎನ್‌ಎ ತುಣುಕು. ಅದಕ್ಕೆ ಹೊಂದುವ ಜಾಗ ಸಿಕ್ಕಿದಲ್ಲಿ ಕ್ಯಾಸ್9 ಎಂಬ ಪ್ರೋಟೀನ್ ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸುತ್ತದೆ.

ಕ್ರಿಸ್ಪರ್‌ನ ಕೆಲಸ ಅಲ್ಲಿಗೆ ಮುಗಿಯಿತು. ಆಮೇಲಿನದು ಕೋಶದ ಪಾಲು. ತುಂಡಾದ ಡಿಎನ್‌ಎ ಕೋಶಕ್ಕೆ ದೊಡ್ಡ ಅಪಾಯ. ಅದು ಗಡಿಬಿಡಿಯಲ್ಲಿ ಎರಡು ತುದಿಗಳನ್ನು ಜೋಡಿಸುತ್ತದೆ. ಆ ಅವಸರದಲ್ಲಿ ಕೆಲವು ಅಕ್ಷರ ಬಿಟ್ಟುಹೋಗುತ್ತವೆ, ಕೆಲವು ಹೊಸದಾಗಿ ಸೇರುತ್ತವೆ. ಸ್ವಿಚ್ ಕೆಡಿಸಲು ಇಷ್ಟು ಸಾಕು. ತಪ್ಪಿದ ಅಕ್ಷರವನ್ನು ಸರಿಯಾಗಿ ತಿದ್ದಬೇಕಾದರೆ ಕೋಶಕ್ಕೆ ಒಂದು ಮಾದರಿ ಕೊಟ್ಟು, ಅದನ್ನು ನೋಡಿಕೊಂಡು ನಿಧಾನಕ್ಕೆ ದುರಸ್ತಿ ಮಾಡುವಂತೆ ಒಲಿಸಬೇಕು. ರಕ್ತದ ಮೂಲಕೋಶಗಳು, ಅಂದರೆ ರಕ್ತಕಣಗಳನ್ನು ಹುಟ್ಟಿಸುವ ಕೋಶಗಳು, ಈ ಎರಡನೇ ದಾರಿಗೆ ಸುಲಭಕ್ಕೆ ಬರುವುದಿಲ್ಲ. ಮಡಕೆ ಮಾಡಲು ಕುಂಬಾರನಿಗೆ ವರುಷ ಬೇಕು, ಒಡೆಯಲು ದೊಣ್ಣೆಗೆ ನಿಮಿಷ ಸಾಕು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ವಿಜ್ಞಾನಿಗಳ ಜಾಣತನ ಇರುವುದು ಒಡೆಯುವುದರಿಂದಲೇ ಗುಣವಾಗುವ ಜಾಗವೊಂದನ್ನು ಹುಡುಕಿದ್ದರಲ್ಲಿ.

ಅಮೆರಿಕದ ಒಪ್ಪಿಗೆಗೆ ಆಧಾರವಾದ ಪ್ರಯೋಗದಲ್ಲಿ, ಸಾಕಷ್ಟು ಕಾಲ ಗಮನಿಸಿದ 31 ರೋಗಿಗಳಲ್ಲಿ 29 ಮಂದಿಗೆ ಕನಿಷ್ಠ ಒಂದು ವರ್ಷ ಒಮ್ಮೆಯೂ ಆ ತೀವ್ರ ನೋವು ಬರಲಿಲ್ಲ. ವರ್ಷಕ್ಕೆ ಹಲವು ಸಲ ಆಸ್ಪತ್ರೆ ಸೇರುತ್ತಿದ್ದವರ ಬದುಕಿನಲ್ಲಿ ಇದು ಎಷ್ಟು ದೊಡ್ಡ ಬದಲಾವಣೆ ಎಂದು ಯೋಚಿಸಿ.

ಅದರ ದಾರಿ ಮಾತ್ರ ಕಠಿಣ. ಕೆಂಪುಕಣದಲ್ಲಿ ಡಿಎನ್‌ಎ ಇರುವುದೇ ಇಲ್ಲ, ಹಾಗಾಗಿ ಅದನ್ನು ತಯಾರಿಸುವ ಎಲುಬಿನ ಮಜ್ಜೆಯ ಮೂಲಕೋಶಗಳನ್ನು ಹಿಡಿಯಬೇಕು. ಅವನ್ನು ರಕ್ತದಿಂದ ಸಂಗ್ರಹಿಸಿ, ಪ್ರಯೋಗಾಲಯಕ್ಕೆ ಕಳಿಸಿ ಕತ್ತರಿಸುತ್ತಾರೆ. ನಂತರ ರೋಗಿಯ ಮಜ್ಜೆಯಲ್ಲಿ ಉಳಿದ ಹಳೆಯ ಕೋಶಗಳನ್ನು ಬುಸಲ್ಫಾನ್ ಎಂಬ ಪ್ರಬಲ ಕಿಮೋಥೆರಪಿ ಔಷಧದಿಂದ ಕೊಲ್ಲುತ್ತಾರೆ. ಆಮೇಲೆ ಹೊಸ ಕೋಶಗಳನ್ನು ಒಳಗೆ ಬಿಡುತ್ತಾರೆ. ಮಕ್ಕಳಾಗುವ ಶಕ್ತಿಯನ್ನೇ ಕಳೆಯಬಲ್ಲ ಔಷಧ ಅದು. ವಾರಗಟ್ಟಲೆ ಆಸ್ಪತ್ರೆಯಲ್ಲಿರಬೇಕು. ಶುರುವಿನಿಂದ ಕೊನೆಯವರೆಗೆ ತಿಂಗಳುಗಳೇ ಹಿಡಿಯುತ್ತವೆ. ಕತ್ತರಿ ತಪ್ಪು ವಿಳಾಸಕ್ಕೆ ಬಿದ್ದರೆ ಏನು ಎಂಬ ಆತಂಕವೂ ಇದೆ. ಅದಕ್ಕಾಗಿ ರೋಗಿಗಳನ್ನು 15 ವರ್ಷಗಳವರೆಗೆ ಗಮನಿಸುತ್ತಾರೆ.

ಅಕ್ಷರವನ್ನೇ ತಿದ್ದುವ ಹೊಸ ಸಾಧನಗಳೂ ಬಂದಿವೆ. 2016ರಲ್ಲಿ ಡೇವಿಡ್ ಲಿಯು ಅವರ ತಂಡ ತೋರಿಸಿದ ಬೇಸ್ ಎಡಿಟಿಂಗ್ ಡಿಎನ್‌ಎಯನ್ನು ಕತ್ತರಿಸದೆ ಒಂದು ಅಕ್ಷರವನ್ನು ಇನ್ನೊಂದಾಗಿ ಬದಲಿಸುತ್ತದೆ. ಕುಡುಗೋಲು ಪದದ ಟಿಯನ್ನು ಮತ್ತೆ ಎ ಮಾಡಲು ಇದಕ್ಕೆ ಬರುವುದಿಲ್ಲ. ಆದರೆ ಸಿ ಮಾಡಬಲ್ಲದು. ಆಗ ಪದ 'ಜಿಸಿಜಿ' ಆಗುತ್ತದೆ, ಕೋಶ ಅದನ್ನು ಅಲನಿನ್ ಎಂದು ಓದುತ್ತದೆ. ಅಂಥ ಹಿಮೋಗ್ಲೋಬಿನ್ ಪ್ರಕೃತಿಯಲ್ಲಿ ಮೊದಲೇ ಇದೆ! ಇಂಡೋನೇಷ್ಯಾದ ಮಕಸ್ಸರ್ ಊರಿನ ಹೆಸರೇ ಅದಕ್ಕೆ. ಅದಕ್ಕೆ ಕುಡುಗೋಲಾಗುವ ಗುಣವಿಲ್ಲ. 2021ರಲ್ಲಿ ಇಲಿಗಳಲ್ಲಿ ಈ ಬದಲಾವಣೆ ಮಾಡಿ ಒಳ್ಳೆಯ ಫಲ ಕಂಡರು. ಗಾಮಾ ಇರಲಿ, ಮಕಸ್ಸರ್ ಇರಲಿ, ಯಾವುದು ಸುರಕ್ಷಿತ ಎಂಬ ಸುಳಿವು ಬಂದದ್ದು ಮನುಷ್ಯರ ನಡುವೆ ಇರುವ ವೈವಿಧ್ಯದಿಂದಲೇ.

2025ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಮೋನಿಯಾ ಮೈಯಲ್ಲಿ ಸೇರಿಕೊಳ್ಳುವ ಬಲು ಅಪರೂಪದ ಕಾಯಿಲೆಯೊಂದಿಗೆ ಹುಟ್ಟಿದ ಅಮೆರಿಕದ ಒಂದು ಹಸುಗೂಸಿಗೆ, ಅದರದೇ ಅಕ್ಷರದೋಷಕ್ಕೆಂದು ತಯಾರಿಸಿದ ಬೇಸ್ ಎಡಿಟರನ್ನು ಫಿಲಡೆಲ್ಫಿಯಾದ ವೈದ್ಯರು ನೇರವಾಗಿ ರಕ್ತಕ್ಕೆ ಕೊಟ್ಟರು. ಕೊಬ್ಬಿನ ಅತಿಸಣ್ಣ ಗುಳ್ಳೆಗಳಲ್ಲಿ ಕುಳಿತು ಅದು ಯಕೃತ್ತು ಸೇರಿತು. ಮಗುವಿನ ಸ್ಥಿತಿ ಸುಧಾರಿಸಿತು. ಇದರಲ್ಲಿ ಕಿಮೋಥೆರಪಿ ಇಲ್ಲ, ಕೋಶ ಹೊರತೆಗೆಯುವುದೂ ಇಲ್ಲ.

ವಂಶವನ್ನೇ 'ಶುದ್ಧ' ಮಾಡುವ ಮಾತು

ಇಷ್ಟೆಲ್ಲ ಸಾಧ್ಯವಾದರೆ ಭ್ರೂಣದಲ್ಲೇ ತಿದ್ದಿಬಿಡಬಹುದಲ್ಲ, ವಂಶದಿಂದಲೇ ಕೆಟ್ಟ ಜೀನ್ ತೆಗೆಯಬಹುದಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ಮೇಲೆ ಹೇಳಿದ ಚಿಕಿತ್ಸೆಗಳೆಲ್ಲ ಆ ರೋಗಿಯ ದೇಹದಲ್ಲೇ ಉಳಿಯುತ್ತವೆ, ಮಕ್ಕಳಿಗೆ ಹೋಗುವುದಿಲ್ಲ. ಭ್ರೂಣದಲ್ಲಿ ಮಾಡಿದ ಬದಲಾವಣೆ ಮುಂದಿನ ಎಲ್ಲ ತಲೆಮಾರುಗಳಿಗೂ ಹರಿಯುತ್ತದೆ.

2018ರ ನವೆಂಬರಿನಲ್ಲಿ ಚೀನಾದ ವಿಜ್ಞಾನಿ ಹೆ ಜಿಯಾನ್‌ಕುಯಿ ತಾನು ಭ್ರೂಣಗಳ ಸಿಸಿಆರ್5 ಜೀನನ್ನು ಕತ್ತರಿಸಿದ್ದೇನೆ, ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆ ಎಂದು ಹೇಳಿದಾಗ ಜಗತ್ತು ಬೆಚ್ಚಿತು. ಆ ಜೀನಿನಲ್ಲಿ 32 ಅಕ್ಷರಗಳು ಬಿಟ್ಟುಹೋದ ಎರಡು ಪ್ರತಿ ಇರುವವರಿಗೆ ಎಚ್‌ಐವಿ ಸುಲಭಕ್ಕೆ ತಗಲುವುದಿಲ್ಲ, ಇದು ನಿಜ. ಆದರೆ ಆ ಮಕ್ಕಳಲ್ಲಿ ಆದ ಬದಲಾವಣೆ ಆ ಸಹಜ ಬದಲಾವಣೆಯಂತೆ ಇರಲಿಲ್ಲ. ಇನ್ನು ಸಿಸಿಆರ್5 ಕೆಲಸ ಮಾಡದವರಿಗೆ ವೆಸ್ಟ್ ನೈಲ್ ವೈರಸ್ ಸೋಂಕು ಬಂದರೆ ಕಾಯಿಲೆ ಜೋರಾಗುವ ಅಪಾಯ ಹೆಚ್ಚು. ಒಂದು ಕಡೆ ಬಾಗಿಲು ಮುಚ್ಚಿದರೆ ಇನ್ನೊಂದು ಕಡೆ ತೆರೆಯಿತು. ಕುಡುಗೋಲು ಅಕ್ಷರ ಹೇಳಿದ್ದೂ ಇದನ್ನೇ ಅಲ್ವಾ? 2019ರ ಡಿಸೆಂಬರಿನಲ್ಲಿ ಚೀನಾದ ನ್ಯಾಯಾಲಯ ಅವರಿಗೆ ಮೂರು ವರ್ಷ ಜೈಲು ವಿಧಿಸಿತು.

ಕುಡುಗೋಲು ಅಕ್ಷರ ಇರುವವರನ್ನು ಮದುವೆಯಿಂದ, ಸಮಾಜದಿಂದ ದೂರ ಇಟ್ಟರೆ ರೋಗ ಅಳಿಯುತ್ತದೆ ಎಂಬ ಹಳೆಯ, ಕ್ರೂರ ವಾದಕ್ಕೂ ಮೇಲಿನ ಲೆಕ್ಕವೇ ಉತ್ತರ. ಆ 100 ಮಕ್ಕಳಲ್ಲಿ ಕುಡುಗೋಲು ಪ್ರತಿಗಳು ಒಟ್ಟು 20. ರೋಗಿಯಲ್ಲಿರುವುದು ಎರಡು, ವಾಹಕರಲ್ಲಿ 18. ಪ್ರತಿಗಳು ಇನ್ನೂ ವಿರಳವಾಗಿ, ನೂರಕ್ಕೊಂದು ಎಂದಾದರೆ, ಅವುಗಳಲ್ಲಿ ಶೇಕಡಾ 99 ಇರುವುದು ಏನೂ ತೊಂದರೆಯಿಲ್ಲದ ವಾಹಕರಲ್ಲಿ. ನಾವೆಲ್ಲರೂ ಯಾವುದಾದರೂ ಕೆಲವು ಇಂಥ ಅಕ್ಷರಗಳ ವಾಹಕರೇ. ನಮಗೆ ಅದು ಗೊತ್ತಿರುವುದಿಲ್ಲ, ಅಷ್ಟೇ.

ನನ್ನನ್ನು ಕಾಡುವುದು ಬೇರೆ ವಿಷಯ. 2021ರ ಜಾಗತಿಕ ಅಂದಾಜಿನಂತೆ ವರ್ಷಕ್ಕೆ ಸುಮಾರು 5 ಲಕ್ಷ ಮಕ್ಕಳು ಈ ರೋಗದೊಂದಿಗೆ ಹುಟ್ಟುತ್ತಾರೆ. ಮುಕ್ಕಾಲು ಪಾಲಿಗೂ ಹೆಚ್ಚು ಮಂದಿ ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ. ಮಜ್ಜೆಯ ಕೋಶ ತೆಗೆದು, ಕಿಮೋಥೆರಪಿ ಕೊಟ್ಟು, ತಿಂಗಳುಗಟ್ಟಲೆ ಕಾಪಾಡುವ ಆಸ್ಪತ್ರೆಗಳು ಅಲ್ಲಿ ಬೆರಳೆಣಿಕೆಯಷ್ಟು. ಮಲೇರಿಯಾ ಎಲ್ಲಿ ಈ ಅಕ್ಷರವನ್ನು ಉಳಿಸಿತೋ ಅಲ್ಲಿ ಹೆಚ್ಚಿನ ಕಡೆಗೆ ಈ ಚಿಕಿತ್ಸೆ ತಲುಪಿಲ್ಲ. ಆ ಹಸುಗೂಸಿಗೆ ಕೊಟ್ಟಂತೆ ಚುಚ್ಚುಮದ್ದಿನಲ್ಲೇ ಎಡಿಟರನ್ನು ಮಜ್ಜೆಗೆ ತಲುಪಿಸುವ ಪ್ರಯತ್ನಗಳು ನಡೆಯುತ್ತಿವೆ. ಯಕೃತ್ತಿಗೆ ಹೋದಷ್ಟು ಸುಲಭಕ್ಕೆ ಆ ಗುಳ್ಳೆಗಳು ಮಜ್ಜೆಗೆ ಹೋಗುವುದಿಲ್ಲ.

ಅಲ್ಲಿಯವರೆಗೆ ಮಾಡಬಹುದಾದದ್ದು ಬಹಳ ಇದೆ, ಅದಕ್ಕೆ ಕ್ರಿಸ್ಪರ್ ಬೇಕಿಲ್ಲ. ಹುಟ್ಟಿದ ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಪರೀಕ್ಷಿಸಿದರೆ ರೋಗ ಗೊತ್ತಾಗುತ್ತದೆ. ಎಳೆಯ ಮಕ್ಕಳಿಗೆ ದಿನಾ ಪೆನಿಸಿಲಿನ್ ಕೊಟ್ಟರೆ ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಶೇಕಡಾ 84ರಷ್ಟು ಇಳಿಯುತ್ತದೆ ಎಂದು 1986ರಲ್ಲೇ ಸಾಬೀತಾಗಿದೆ. ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ ಮಾತ್ರೆ ಗಾಮಾ ಸರಪಳಿಯನ್ನು ಸ್ವಲ್ಪ ಮಟ್ಟಿಗೆ ಮತ್ತೆ ಉರಿಸುತ್ತದೆ. ಅಂಗೋಲಾ, ಕಾಂಗೋ, ಕೀನ್ಯಾ, ಉಗಾಂಡಾಗಳ ಮಕ್ಕಳಿಗೆ ಅದನ್ನು ಕೊಟ್ಟು ನೋಡಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ನೋವಿನ ದಾಳಿಗಳು ಕಡಿಮೆಯಾದವು, ರಕ್ತ ಕೊಡಬೇಕಾದ ಸಂದರ್ಭಗಳು ಕಡಿಮೆಯಾದವು, ಸಾವುಗಳು ಕಡಿಮೆಯಾದವು. ಮಾತ್ರೆ ತೆಗೆದುಕೊಂಡ ಮಕ್ಕಳಲ್ಲಿ ಮಲೇರಿಯಾ ಕೂಡ ಇಳಿಯಿತು.